ಬಚ್ಚಲುಮನೆಗೆ ಎಕ್ಸಾಸ್ಟ್ ಫ್ಯಾನ್: ವೈರಿಂಗ್ ಮಾಡೋದು ಹೀಗೆ

ಮೊದಲು ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಟ್ರಿಪ್ ಆಗಿ ಲೈನ್ ಕಡಿಯೋ, ಮೇನ್ ಬೋರ್ಡಿನ ಸ್ವಿಚ್) ಇಳಿಸಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಯಾಕಂದ್ರೆ ಹಳೇ ಮನೆಗಳಲ್ಲಿ ಸ್ವಿಚ್ಚನ್ನು ಫೇಸ್ (ಕರೆಂಟ್ ಬರೋ ತಂತಿ) ಬದಲು ನ್ಯೂಟ್ರಲ್‌ಗೆ (ಕರೆಂಟ್ ವಾಪಸ್ ಹೋಗೋ ತಂತಿಗೆ) ಹಾಕಿರೋದೂ ಉಂಟು, ಆಗ ಆಫ್ ಇದ್ದರೂ ಫ್ಯಾನಿನ ತಂತಿಯಲ್ಲಿ ಕರೆಂಟ್ ಇರುತ್ತೆ. ಟೆಸ್ಟರ್ ಹಿಡಿದು ನೋಡಿಯೇ ಕೈ ಹಾಕಿ.

ಲೈನ್ ಎಲ್ಲಿಂದ ತರೋದು? ಬಲ್ಬಿನ ಸರ್ಕ್ಯೂಟ್‌ನಿಂದ. ಹತ್ತಿರ ಇದೆ ಅಂತ ಗೀಸರ್ ಪಾಯಿಂಟ್‌ನಿಂದ ಎಳೆಯಬೇಡಿ. ಅದರ ಎಂಸಿಬಿ ದೊಡ್ಡದು, ಫ್ಯಾನಿನ ಸಣ್ಣ ವೈರ್ ಸುಟ್ಟರೂ ಅದು ಟ್ರಿಪ್ ಆಗದೇ ಇರಬಹುದು. 1.5 ಚದರ ಮಿ.ಮೀ. ತಾಮ್ರದ ವೈರ್, 6 ಆಂಪಿಯರ್ ಸ್ವಿಚ್ ಧಾರಾಳ ಸಾಕು.

ಕೆಂಪು ವೈರ್ ಅಂದ್ರೆ ಫೇಸ್, ಅದು ಸ್ವಿಚ್ ಮೂಲಕ ಫ್ಯಾನಿಗೆ ಹೋಗಬೇಕು. ಕಪ್ಪು ನ್ಯೂಟ್ರಲ್ ನೇರವಾಗಿ. ಹಸಿರು ಅರ್ಥ್, ಲೋಹದ ಬಾಡಿ ಇದ್ದರೆ ಬಿಡೋ ಹಾಗೇ ಇಲ್ಲ. ಬಣ್ಣ ನಂಬಬೇಡಿ, ಟೆಸ್ಟರ್ ನಂಬಿ. ಜಾಯಿಂಟ್‌ಗಳಿಗೆ ಸುಮ್ನೆ ಟೇಪ್ ಸುತ್ತಿ ಬಿಡಬೇಡಿ, ಹಬೆಗೆ ಅಂಟು ಬಿಟ್ಟುಹೋಗುತ್ತೆ. ಕನೆಕ್ಟರ್ ಹಾಕಿ ಮುಚ್ಚಳ ಇರೋ ಬಾಕ್ಸ್ ಒಳಗಿಡಿ. ಸ್ವಿಚ್ ಬಾಗಿಲ ಹೊರಗಿರಲಿ, ಲೈಟಿನದ್ದಕ್ಕಿಂತ ಬೇರೆಯಾಗಿರಲಿ. ಸ್ನಾನ ಆದಮೇಲೂ ಹತ್ತು ಹದಿನೈದು ನಿಮಿಷ ಓಡಬೇಕಲ್ವಾ?

ಮನೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯೋ ಸಾಧನ) ಇಲ್ಲದಿದ್ದರೆ ಫ್ಯಾನಿಗಿಂತ ಮೊದಲು ಅದನ್ನು ಹಾಕಿಸಿ. ತಂತಿಗಳ ಬಗ್ಗೆ ಸ್ವಲ್ಪ ಅನುಮಾನ ಬಂದರೂ ಲೈಸೆನ್ಸ್ ಇರೋ ಎಲೆಕ್ಟ್ರೀಷಿಯನ್ ಕರೆಯಿರಿ.

ಕೊನೆಗೆ ಫ್ಯಾನ್ ಓಡಿಸಿ, ಒಳಗಡೆ ಒಂದು ಹಾಳೆ ಹಿಡಿದು ನೋಡಿ. ಅದು ಫ್ಯಾನಿನ ಕಡೆ ಎಳೆಯಬೇಕು. ಎಳೆಯದಿದ್ದರೆ ಬಾಗಿಲ ಕೆಳಗೆ ಗಾಳಿ ಬರೋಕೆ ಸಂದಿ ಇದೆಯಾ ನೋಡಿ.