ಮಳೆ ಹಿಡಿಯುವ ಮೊದಲು ಸುರಂಗ ನೋಡುವ ಕ್ರಮ

ಮಲೆನಾಡಿನ ಸುರಂಗಕ್ಕೆ ಬಂಡೆಗಿಂತ ನೀರಿನ ಕಾಟವೇ ಹೆಚ್ಚು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಘಟ್ಟದ ಹಾದಿಯಲ್ಲಿ 57 ರೈಲು ಸುರಂಗಗಳಿವೆ. ಅಜ್ಜಂಪುರದ ಬಳಿ ಭದ್ರಾ ನೀರನ್ನು ವಾಣಿವಿಲಾಸ ಸಾಗರದ ಕಡೆ ಒಯ್ಯುವ ಸುಮಾರು 7 ಕಿ.ಮೀ. ಸುರಂಗವಿದೆ. ಚನ್ನರಾಯಪಟ್ಟಣದ ಕಡೆ ಹೇಮಾವತಿ ನೀರು ಹಾಯುವ ಬಾಗೂರು–ನವಿಲೆ ಸುರಂಗವಿದೆ. ಇವಲ್ಲದೆ ರಸ್ತೆಯಡಿ, ಹಳಿಯಡಿ ಜನ ದಾಟುವ ಕಿರುದಾರಿಗಳು ಊರೂರಿಗೂ ಇವೆ. ಗಾತ್ರ ಬೇರೆ, ಕೆಲಸ ಬೇರೆ. ಆದರೆ ಎಲ್ಲದರಲ್ಲೂ ನೋಡಬೇಕಾದ್ದು ಮೂರೇ ಸಂಗತಿ: ನೀರು ಎಲ್ಲಿಂದ ಬರುತ್ತಿದೆ, ಯಾವ ಬಣ್ಣದಲ್ಲಿದೆ, ಹೊರಗೆ ಹೋಗಲು ಅದಕ್ಕೆ ದಾರಿ ಇದೆಯೇ.

ಹೊಸದಾಗಿ ಕೆಲಸಕ್ಕೆ ಸೇರಿದ ಕಿರಿಯ ಎಂಜಿನಿಯರ್, ಗುತ್ತಿಗೆ ಮೇಸ್ತ್ರಿ, ಸುರಂಗದ ನೆತ್ತಿಯ ಮೇಲೆ ತೋಟ ಇರುವ ಬೆಳೆಗಾರ, ಈ ಮೂವರಿಗಾಗಿ ಇದನ್ನು ಬರೆದಿದೆ. ಉಳಿದವರಿಗೆ ಒಂದು ಮಾತು. ಹಳಿ ಮೇಲೆ ನಡೆದು ರೈಲು ಸುರಂಗ ನೋಡುವುದು ಅಪರಾಧ. ರೈಲ್ವೆ ಕಾಯ್ದೆ 1989ರ 147ನೇ ಕಲಂ ಪ್ರಕಾರ 6 ತಿಂಗಳವರೆಗೆ ಸೆರೆ, 1000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕಾಯ್ದೆಯ ಮಾತು ಬಿಟ್ಟರೂ, ಗಂಟೆಗೆ 30 ಕಿ.ಮೀ. ವೇಗದಲ್ಲಿ ನಿಧಾನವಾಗಿ ಬರುವ ಗೂಡ್ಸ್ ಗಾಡಿ ಸಹ ಸೆಕೆಂಡಿಗೆ 8 ಮೀಟರ್ ಮುಂದೆ ಬರುತ್ತದೆ. ತಿರುವಿನ ಸುರಂಗದಲ್ಲಿ ಅದು ಕಣ್ಣಿಗೆ ಬೀಳುವ ಹೊತ್ತಿಗೆ ಓಡಲು ಜಾಗವಿರುವುದಿಲ್ಲ.

ಯಾವಾಗ ನೋಡಬೇಕು

ವರ್ಷಕ್ಕೆ ಒಮ್ಮೆ ನೋಡಿದರೆ ಸಾಲದು, ಮೂರು ಸಲ ಬೇಕು. ಮೊದಲನೆಯದು ಹೂಮಳೆ ಬಿದ್ದು ಹೋದ ಮೇಲೆ, ರೋಹಿಣಿ ಮಳೆಗೆ ಮುಂಚೆ, ಅಂದರೆ ಏಪ್ರಿಲ್–ಮೇ. ಆಗ ಗೋಡೆ ಒಣಗಿರುತ್ತದೆ, ಬಿರುಕು ಚೆನ್ನಾಗಿ ಕಾಣುತ್ತದೆ, ರಿಪೇರಿಗೂ ಸಮಯ ಸಿಗುತ್ತದೆ. ಆದರೆ ಸೋರಿಕೆ ಕಾಣುವುದಿಲ್ಲ. ಅದಕ್ಕಾಗಿ ಎರಡನೆಯದನ್ನು ಪುನರ್ವಸು–ಪುಷ್ಯ ಮಳೆಯಲ್ಲಿ, ಜುಲೈ ತಿಂಗಳಲ್ಲಿ ಮಾಡಬೇಕು. ಗುಡ್ಡ ಪೂರ್ತಿ ನೀರು ಕುಡಿದು ನಿಂತಿರುವ ಕಾಲ ಅದು. ಮೂರನೆಯದು ಮಳೆ ಬಿಟ್ಟ ಮೇಲೆ ಅಕ್ಟೋಬರಿನಲ್ಲಿ, ಈ ವರ್ಷ ಏನು ಬದಲಾಯಿತು ಎಂದು ಹೋಲಿಸಲು. ಬೇಸಿಗೆಯಲ್ಲಿ ಒಮ್ಮೆ ಮಾತ್ರ ನೋಡಿ "ಸೋರಿಕೆ ಇಲ್ಲ" ಎಂದು ಪುಸ್ತಕದಲ್ಲಿ ಬರೆದರೆ ಆ ಬರಹಕ್ಕೆ ಬೆಲೆಯಿಲ್ಲ.

ಮೊದಲು ಗುಡ್ಡ ಹತ್ತಿ

ಹೆಚ್ಚಿನವರು ನೇರವಾಗಿ ಸುರಂಗದ ಬಾಯಿಗೆ ಹೋಗಿ ಟಾರ್ಚ್ ಹಾಕುತ್ತಾರೆ. ಅದು ತಿರುಗಾಮುರುಗಾ ಕೆಲಸ. ಮೊದಲು ಬಾಯಿಯ ಮೇಲಿನ ಗುಡ್ಡ ಹತ್ತಬೇಕು. ಸುರಂಗದ ಒಳಭಾಗ ಗಟ್ಟಿ ಬಂಡೆಯಲ್ಲಿರಬಹುದು. ಬಾಯಿಯ ಹತ್ತಿರದ ಭಾಗ ಮಾತ್ರ ಸಾಮಾನ್ಯವಾಗಿ ಮಣ್ಣು, ಮುರಕಲ್ಲು, ಕೊಳೆತ ಬಂಡೆಯ ಪದರಗಳಲ್ಲೇ ಇರುತ್ತದೆ. ಕೆಂಪು ಮುರಕಲ್ಲಿನ ಕೆಳಗೆ ಬಿಳಿ ಇಲ್ಲವೇ ನಸುಗೆಂಪು ಬಣ್ಣದ ಜಾರುವ ಜೇಡಿ ಸಿಕ್ಕಿದರೆ (ಕರಾವಳಿ ಕಡೆ ಇದನ್ನು ಶೇಡಿ ಮಣ್ಣು ಎನ್ನುತ್ತಾರೆ) ಆ ಜಾಗಕ್ಕೆ ಕೆಂಪು ಗುರುತು ಹಾಕಿ. ಒಣಗಿದ್ದಾಗ ಗೋಡೆಯಂತೆ ನಿಲ್ಲುವ ಈ ಮಣ್ಣು ನೆನೆದರೆ ಬಲ ಕಳೆದುಕೊಂಡು ಮೇಲಿನದನ್ನೆಲ್ಲ ಹೊತ್ತುಕೊಂಡು ಜಾರುತ್ತದೆ.

ಮೇಲೆ ನೋಡಬೇಕಾದ್ದರಲ್ಲಿ ತಡೆಗಾಲುವೆ ಮೊದಲನೆಯದು. ಗುಡ್ಡದಿಂದ ಹರಿದು ಬರುವ ನೀರು ಧರೆಯ (ಗುಡ್ಡ ಕಡಿದಾಗ ಉಳಿದ ಕಡಿದಾದ ಮಣ್ಣಿನ ಗೋಡೆ) ಅಂಚಿಗೆ ತಲುಪುವ ಮೊದಲೇ ಹಿಡಿದು ಪಕ್ಕದ ಹಳ್ಳಕ್ಕೆ ಬಿಡುವ ಕಾಲುವೆ ಇದು. ಎಲೆ, ಮಣ್ಣು ತೆಗೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ತಳದ ಸಿಮೆಂಟು ಬಿರುಕು ಬಿಟ್ಟಿದ್ದರೆ ಆ ಕಾಲುವೆ ಇಲ್ಲದಿರುವುದೇ ವಾಸಿ. ಇಡೀ ಗುಡ್ಡದ ನೀರನ್ನು ಒಟ್ಟುಮಾಡಿ ಒಂದೇ ಬಿರುಕಿನ ಮೂಲಕ ಸುರಂಗದ ತಲೆಗೆ ಇಳಿಸುತ್ತದೆ. ಎರಡು ಕೊಡ ನೀರು ಸುರಿದು ನೋಡಿ. ಕೊನೆಯವರೆಗೆ ಹರಿದರೆ ಸರಿ, ನಡುವೆಯೇ ಇಂಗಿದರೆ ಅಲ್ಲಿ ಬಿರುಕಿದೆ.

ಆಮೇಲೆ ನೆಲದಲ್ಲಿ ಧರೆಯ ಅಂಚಿಗೆ ಸಮಾನಾಂತರವಾಗಿ ಬಾಯಿಬಿಟ್ಟ ಸೀಳು ಇದೆಯೇ ಹುಡುಕಿ. ಕಳೆಗಿಡದಡಿ ಇದು ಸುಲಭಕ್ಕೆ ಕಾಣುವುದಿಲ್ಲ. ಕಡ್ಡಿಯಲ್ಲಿ ಎಲೆ ಸರಿಸುತ್ತ ನಡೆಯಬೇಕು. ಸೀಳು ಸಿಕ್ಕಿದರೆ ಅದರ ಎರಡೂ ಬದಿಗೆ ಗೂಟ ಹೊಡೆದು ನಡುವಿನ ಅಂತರವನ್ನು ಮಿಲಿಮೀಟರಿನಲ್ಲಿ ಅಳೆದು ಬರೆದಿಡಿ. ಜೇಡಿಮಣ್ಣು ತುಂಬಿ ಬಿಗಿಯಾಗಿ ದಮ್ಮಸ್ಸು ಹಾಕಿ, ಮೇಲೆ ಟಾರ್ಪಾಲು ಹೊದಿಸಿ. ಇದು ನೀರು ಇಳಿಯದಂತೆ ಮಾಡುವ ತಾತ್ಕಾಲಿಕ ಉಪಾಯ ಅಷ್ಟೇ. ವಾರದಲ್ಲಿ ಗೂಟಗಳ ಅಂತರ ಹೆಚ್ಚಿದರೆ ಅದು ಮೇಲಧಿಕಾರಿಗೆ ಅದೇ ದಿನ ಮುಟ್ಟಬೇಕಾದ ಸುದ್ದಿ. ಮರಗಳನ್ನೂ ನೋಡಿ. ಒಂದು ಸಿಲ್ವರ್ ಓಕ್ ವಾಲಿದರೆ ಗಾಳಿಗೆ ಇರಬಹುದು, ಒಂದೇ ಸಾಲಿನ ಐದಾರು ಮರ ಒಟ್ಟಿಗೆ ವಾಲಿದ್ದರೆ ನೆಲವೇ ಜರುಗುತ್ತಿದೆ.

ಬೆಳೆಗಾರರಿಗೆ ಇಲ್ಲಿ ಒಂದು ಕಳಕಳಿಯ ಮಾತು. ಕಾಫಿ ಗಿಡದ ಸಾಲಿನ ನಡುವೆ ತೊಟ್ಟಿಲು ಗುಂಡಿ ತೆಗೆದು ನೀರಿಂಗಿಸುವುದು ಒಳ್ಳೆಯ ಪದ್ಧತಿ. ಆದರೆ ಸುರಂಗದ ಬಾಯಿಯ ಮೇಲೆ, ಎತ್ತರದ ಧರೆಯ ನೆತ್ತಿಯಲ್ಲಿ ಅದು ಬೇಡ. ಅಲ್ಲಿ ಇಂಗಿದ ನೀರು ನಿಮ್ಮ ಬಾವಿಗೆ ಹೋಗುವುದಿಲ್ಲ, ಧರೆಯ ಬೆನ್ನಿಗೆ ಹೋಗುತ್ತದೆ. ಆ ಪಟ್ಟಿಯಲ್ಲಿ ಗುಂಡಿಗಳನ್ನು ಮುಚ್ಚಿ ಬಸಿಗಾಲುವೆಯನ್ನು ಪಕ್ಕಕ್ಕೆ ತಿರುಗಿಸಿ. ತೋಟದ ನೀರು ತುಂಬುವ ಕೆರೆಯನ್ನೂ ಅಲ್ಲಿ ತೋಡಿಸಬೇಡಿ.

ಬಾಯಿಯ ಬಳಿ

ಘಟ್ಟದ ಹಳಿ ಒಂದಕ್ಕೆ ಐವತ್ತರ ಇಳಿಜಾರಿನಲ್ಲಿದೆ. ಕಿಲೋಮೀಟರಿಗೆ 20 ಮೀಟರ್ ಇಳಿತ. ಇದರಿಂದ ಒಂದು ಅನುಕೂಲ, ಒಂದು ತೊಂದರೆ. ಅನುಕೂಲವೆಂದರೆ ಒಳಗಿನ ಚರಂಡಿಯಲ್ಲಿ ನೀರು ರಭಸವಾಗಿ ಹರಿದು ಸಣ್ಣ ಕೆಸರನ್ನು ತಾನೇ ಹೊತ್ತೊಯ್ಯುತ್ತದೆ. ಅಷ್ಟಾದರೂ ಚರಂಡಿಯಲ್ಲಿ ಕೆಸರು ನಿಂತಿದ್ದರೆ ಕೆಳಗೆ ಎಲ್ಲೋ ಕಲ್ಲು ಬಿದ್ದಿದೆ, ಇಲ್ಲವೇ ಹೊರಬಾಯಿ ಕಟ್ಟಿದೆ ಎಂದೇ ಲೆಕ್ಕ. ತೊಂದರೆ ಏನೆಂದರೆ, ಸುರಂಗದ ಮೇಲ್ಬಾಯಿಯ ಮುಂದೆ, ಸಕಲೇಶಪುರದ ಕಡೆಯ ಧರೆಯಲ್ಲಿ ಬಿದ್ದ ಮಳೆಯೆಲ್ಲ ಸುರಂಗದೊಳಕ್ಕೇ ಇಳಿಯುತ್ತದೆ. ಆದ್ದರಿಂದ ಮೇಲ್ಬಾಯಿಯ ಚರಂಡಿಗೆ ಕೆಳಬಾಯಿಗಿಂತ ಹೆಚ್ಚು ಕಾಳಜಿ ಬೇಕು. ಹೊರಗೆ ತಿರುಗಿಸಲು ಮೋರಿ ಇದ್ದರೆ ಅದರೊಳಗೆ ಬಿದಿರು ಹಾಯಿಸಿ ತುದಿ ಆ ಕಡೆ ಬರುತ್ತದೆಯೇ ನೋಡಿ.

ಕೆಳಬಾಯಿಯಲ್ಲಿ ನೋಡಬೇಕಾದ್ದು ನೀರು ಎಲ್ಲಿ ಬೀಳುತ್ತದೆ ಎಂಬುದನ್ನು. ಹಳಿಯ ಕೆಳಗಿನ ದಿಬ್ಬದ ಮೇಲೆ ಸುಮ್ಮನೆ ಬಿಟ್ಟರೆ ಅದು ದಿಬ್ಬದ ಬುಡ ಕೊರೆಯುತ್ತದೆ. 2024ರ ಜುಲೈ ಕೊನೆಯಲ್ಲಿ ಯಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ರೈಲು ಓಡಾಟವೇ ನಿಂತಿತ್ತು. ತಂತಿ ಬಲೆಯಲ್ಲಿ ಕಲ್ಲು ತುಂಬಿದ ಗೇಬಿಯನ್ ಗೋಡೆ ಕಟ್ಟಿ ದಿಬ್ಬ ನಿಲ್ಲಿಸಬೇಕಾಯಿತು. ಮಳೆ ಹಿಡಿದ ಮೇಲೆ ಅಂಥ ಜಾಗಕ್ಕೆ ಕಲ್ಲು, ಯಂತ್ರ ತಲುಪಿಸುವುದೇ ದೊಡ್ಡ ಕಷ್ಟ. ಚರಂಡಿಯ ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಕಾಲುವೆಯಲ್ಲಿ ಹಳ್ಳದವರೆಗೆ ಇಳಿಸಿ.

ಬಾಯಿಯ ಕಮಾನಿನಡಿ ಹೆಜ್ಜೇನು ಕಟ್ಟಿದ್ದರೆ ಸುತ್ತಿಗೆ ಕೆಲಸ ಅಂದು ಬೇಡ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆ ಓಡಾಟದ ಸುದ್ದಿಯನ್ನು ಅರಣ್ಯ ಇಲಾಖೆಯ ವಾಚರ್ ಹತ್ತಿರ ಕೇಳಿಕೊಂಡೇ ಗುಡ್ಡ ಹತ್ತಿ, ಸಂಜೆ ಆಗುವ ಮೊದಲು ಇಳಿದುಬಿಡಿ.

ಒಳಗೆ

ರೈಲು ಸುರಂಗದೊಳಗೆ ಹೋಗುವುದು ಬ್ಲಾಕ್ (ಆ ಹೊತ್ತಿಗೆ ರೈಲು ಓಡಾಟ ನಿಲ್ಲಿಸಿದ ಅನುಮತಿ) ಸಿಕ್ಕ ಮೇಲೆ, ಎರಡೂ ಕಡೆ ಕಾವಲಿಟ್ಟು. ಮೇಲೆ 25,000 ವೋಲ್ಟ್ ತಂತಿ ಇರುವ ಕಡೆ ಮೈ, ಏಣಿ, ಅಳತೆಕೋಲು ಯಾವುದೂ ತಂತಿಯಿಂದ 2 ಮೀಟರ್ ಒಳಗೆ ಹೋಗಕೂಡದು. ನೆತ್ತಿ ತಟ್ಟಿ ನೋಡಬೇಕಿದ್ದರೆ ವಿದ್ಯುತ್ ನಿಲ್ಲಿಸಿ, ಅರ್ತ್ ಮಾಡಿಸಿ, ಲಿಖಿತ ಪರ್ಮಿಟ್ ಕೈಗೆ ಬಂದ ಮೇಲೆ ಮಾತ್ರ. ಬಾಯಿಮಾತಿನ ಒಪ್ಪಿಗೆ ಸಾಲದು. ಟ್ರಾಲಿ ನಿಲ್ಲಿಸುವ, ಜನ ಸರಿದು ನಿಲ್ಲುವ ಗೂಡುಗಳನ್ನು ಹೋಗುತ್ತಲೇ ಗುರುತು ಮಾಡಿಕೊಳ್ಳಿ. ಹಳೆ ಸ್ಲೀಪರ್, ಜಲ್ಲಿ ಚೀಲ ತುಂಬಿದ ಗೂಡು ಇದ್ದೂ ಇಲ್ಲದಂತೆ.

ಬೇಕಾದ ಸಾಮಾನು: ತಲೆಗೆ ಕಟ್ಟುವ ಲೈಟು, ಕೈಯಲ್ಲೊಂದು ಬಲವಾದ ಟಾರ್ಚು, ಅರ್ಧ ಕಿಲೋ ಸುತ್ತಿಗೆ, ಬಿರುಕಿನ ಅಗಲ ನೋಡುವ ಕಾರ್ಡು, 30 ಮೀಟರ್ ಟೇಪು, ಒಂದು ಲೀಟರ್ ಬಾಟಲಿ, ಸ್ಟಾಪ್‌ವಾಚ್, ಬಣ್ಣ, ವೀಪ್ ಹೋಲ್ (ಗೋಡೆಯ ಹಿಂದಿನ ನೀರು ಹೊರಬರಲು ಬಿಟ್ಟ ತೂತು) ಚುಚ್ಚಲು ಒಂದೂವರೆ ಮೀಟರ್ ಕಬ್ಬಿಣದ ಸರಳು. ಟಾರ್ಚನ್ನು ಗೋಡೆಗೆ ನೇರವಾಗಿ ಹಿಡಿದರೆ ಏನೂ ಕಾಣುವುದಿಲ್ಲ. ಗೋಡೆಗೆ ಸವರಿದ ಹಾಗೆ ಓರೆಯಾಗಿ ಬಿಡಿ, ಉಬ್ಬು, ಬಿರುಕುಗಳ ನೆರಳು ಎದ್ದು ಕಾಣುತ್ತದೆ. ಒಂದೇ ಕಡೆಯಿಂದ ದೂರ ಎಣಿಸಿ ಪ್ರತಿ 10 ಮೀಟರಿಗೆ ಸಂಖ್ಯೆ ಬರೆಯಿರಿ. ಇಲ್ಲದಿದ್ದರೆ ಮುಂದಿನ ಸಲ ಬರುವವರಿಗೆ ನಿಮ್ಮ ಟಿಪ್ಪಣಿ ಉಪಯೋಗಕ್ಕೆ ಬಾರದು.

ಸುತ್ತಿಗೆಯಲ್ಲಿ ತಟ್ಟಿದಾಗ ಠಣ್ ಎಂದರೆ ಕಾಂಕ್ರೀಟು ಹಿಂದಿನ ಬಂಡೆಗೆ ಕೂತಿದೆ. ಡಬ್ ಎಂದರೆ ಹಿಂದೆ ಪೊಳ್ಳು. ಪೊಳ್ಳಿನ ಅಂಚನ್ನು ತಟ್ಟುತ್ತಲೇ ಹುಡುಕಿ ಬಣ್ಣದ ಗೆರೆ ಎಳೆಯಿರಿ, ಮುಂದಿನ ತಪಾಸಣೆಯಲ್ಲಿ ಗೆರೆ ದಾಟಿದೆಯೇ ತಿಳಿಯುತ್ತದೆ. ನೆತ್ತಿಯ ಕೆಳಗೆ ನೇರ ನಿಂತು ತಟ್ಟಬೇಡಿ, ಬದಿಗೆ ನಿಂತು ಕೈ ಚಾಚಿ.

ಬಿರುಕಿನ ದಿಕ್ಕಿಗೆ ಅಗಲಕ್ಕಿಂತ ಹೆಚ್ಚು ಅರ್ಥವಿದೆ. ಬಳೆಯ ಹಾಗೆ ಸುತ್ತ ಬಂದ ಕೂದಲಗಲದ ಬಿರುಕು ಹೆಚ್ಚಾಗಿ ಕಾಂಕ್ರೀಟು ಒಣಗುವಾಗ ಆದದ್ದು. ಸುರಂಗದ ಉದ್ದಕ್ಕೂ ನೆತ್ತಿಯಲ್ಲೋ ಹೆಗಲಿನಲ್ಲೋ ಓಡುವ ಬಿರುಕು ಭಾರ ಕೂತದ್ದರ ಗುರುತು. ಗುಡ್ಡದ ಕಡೆಯ ಹೆಗಲಿನಲ್ಲಿ ಮಾತ್ರ ಬಿರುಕಿದ್ದು ಕಣಿವೆಯ ಕಡೆ ಇಲ್ಲದಿದ್ದರೆ, ಗುಡ್ಡ ಒಂದೇ ಬದಿಯಿಂದ ತಳ್ಳುತ್ತಿದೆ. ಬೆರಳು ಆಡಿಸಿ: ಬಿರುಕಿನ ಒಂದು ಅಂಚು ಮುಂದೆ, ಇನ್ನೊಂದು ಹಿಂದೆ ಇದ್ದರೆ ಕಾಯುವ ಮಾತಿಲ್ಲ. ಉಳಿದವಕ್ಕೆ ಎರಡೂ ತುದಿಗೆ ದಿನಾಂಕ ಬರೆದು, ನಡುವೆ ಸಿಮೆಂಟಿನಲ್ಲಿ ಗಾಜಿನ ಪಟ್ಟಿ ಕೂರಿಸಿ. ಗಾಜು ಒಡೆದರೆ ಬಿರುಕು ಜೀವಂತ. ಬಿರುಕಿಗೆ ಸಿಮೆಂಟು ಮೆತ್ತಿ ಬಣ್ಣ ಬಳಿಯುವುದು ರಿಪೇರಿ ಅಲ್ಲ, ಸಾಕ್ಷಿ ಅಳಿಸಿದಂತೆ.

ಇನ್ನು ನೀರು. ಸೋರುವ ಕಡೆ ಬಾಟಲಿ ಹಿಡಿದು ತುಂಬುವ ಹೊತ್ತು ನೋಡಿ. 20 ಸೆಕೆಂಡಿನಲ್ಲಿ ಒಂದು ಲೀಟರ್ ತುಂಬಿದರೆ ನಿಮಿಷಕ್ಕೆ 3 ಲೀಟರ್. "ಸ್ವಲ್ಪ ಸೋರಿಕೆ", "ಜಾಸ್ತಿ ಸೋರಿಕೆ" ಎಂದು ಬರೆಯಬೇಡಿ, ಅಂಕಿ ಬರೆಯಿರಿ. ಮಳೆ ಬಂದ ದಿನವೇ ಸೋರಿಕೆ ಏರಿದರೆ ಮೇಲಿನಿಂದ ತೆರೆದ ಬಿರುಕಿನ ದಾರಿ ಇದೆ, ತಡೆಗಾಲುವೆಯನ್ನೇ ಅನುಮಾನಿಸಿ. ಎರಡು ಮೂರು ದಿನ ಬಿಟ್ಟು ಏರಿದರೆ ಮಣ್ಣಿನ ಮೂಲಕ ಬಸಿದು ಬರುವ ನೀರು. ಬಿಳಿ ಹೆಪ್ಪು ಸಿಮೆಂಟಿನ ಸುಣ್ಣ ಕರಗಿ ಬಂದದ್ದು. ನಿಧಾನದ ಕೇಡು, ಆದರೆ ವೀಪ್ ಹೋಲನ್ನು ಮುಚ್ಚಿಹಾಕುತ್ತದೆ. ಕೆಂಪು ಕಲೆ ಬಂದರೆ ಒಳಗೆ ಸರಳು ತುಕ್ಕು ಹಿಡಿದಿರಬಹುದು, ಮುರಕಲ್ಲಿನ ಕಬ್ಬಿಣವೂ ಇರಬಹುದು. ತಟ್ಟಿ ನೋಡಿ ತೀರ್ಮಾನಿಸಿ. ಎಲ್ಲಕ್ಕಿಂತ ಅಪಾಯ ಕೆಸರು ನೀರು. ಕೆಸರು ಬರುತ್ತಿದೆ ಎಂದರೆ ಲೈನಿಂಗ್ (ಸುರಂಗದ ಒಳಗೋಡೆಯ ಕಾಂಕ್ರೀಟು ಹೊದಿಕೆ) ಹಿಂದಿನ ಮಣ್ಣು ಕರಗಿ ಖಾಲಿಯಾಗುತ್ತಿದೆ. ಬಾಟಲಿಯಲ್ಲಿ ಹಿಡಿದು ಒಂದು ಗಂಟೆ ಅಲುಗಾಡಿಸದೆ ಇಡಿ, ತಳದಲ್ಲಿ ಕೂತ ಮಣ್ಣಿನ ಎತ್ತರ ಬರೆದುಕೊಳ್ಳಿ.

ಕಟ್ಟಿಕೊಂಡ ವೀಪ್ ಹೋಲನ್ನು ಸರಳಿನಲ್ಲಿ ಬಿಡಿಸಿದಾಗ ನೀರು ಚಿಮ್ಮಬಹುದು, ಎದುರಿಗೆ ನಿಲ್ಲಬೇಡಿ. ಚಿಮ್ಮಿ ಆಮೇಲೆ ತಿಳಿಯಾದರೆ ಒಳ್ಳೆಯದು. ಕೆಸರೇ ಬರುತ್ತಿದ್ದರೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಿದ ತೂತಿನ ಪಿವಿಸಿ ಪೈಪು ಕೂರಿಸಿ, ಆಗ ನೀರು ಬರುತ್ತದೆ, ಮಣ್ಣು ಉಳಿಯುತ್ತದೆ. ಸೋರುವ ತೂತಿಗೆ ಸಿಮೆಂಟು ಗಿಡಿಯುವುದು ಮಾತ್ರ ಖಂಡಿತ ಬೇಡ. ನೀರು ಹಿಂದೆ ನಿಂತು ಒತ್ತಡ ಏರಿ ಬೇರೆಲ್ಲೋ ಒಡೆಯುತ್ತದೆ. ಹಳಿಯ ಮೇಲೆ ನೀರು ತೊಟ್ಟಿಕ್ಕುವ ಕಡೆ ಹಳಿಯ ತಳ, ಕ್ಲಿಪ್‌ಗಳ ತುಕ್ಕು ಕೆರೆದು ನೋಡಿ. ಗಾಡಿ ಹೋದಾಗ ಸ್ಲೀಪರಿನಡಿಯಿಂದ ಕೆಸರು ಉಗುಳಿ ಜಲ್ಲಿ ಬೂದಿ ಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ಚರಂಡಿಯ ನೀರು ಜಲ್ಲಿಯೊಳಗೆ ಹೊಕ್ಕಿದೆ.

ನೀರಿನ ಸುರಂಗ, ನಡೆದಾಟದ ಸುರಂಗ

ನೀರು ಹಾಯುವ ಸುರಂಗವನ್ನು ಒಮ್ಮೆಗೇ ಬರಿದು ಮಾಡಬಾರದು. ಒಳಗಿನ ನೀರು ಹೊರಗಿನ ಅಂತರ್ಜಲದ ಒತ್ತಡವನ್ನು ತಡೆದು ನಿಂತಿರುತ್ತದೆ. ಬೇಗ ಇಳಿಸಿದರೆ ಲೈನಿಂಗ್ ಒಳಮುಖವಾಗಿ ಬಿರಿಯುತ್ತದೆ, ತಳ ಏಳುತ್ತದೆ. ಗೇಟು ಹಂತ ಹಂತವಾಗಿ ಇಳಿಸಿ. ಖಾಲಿಯಾದ ಮೇಲೂ ಒಳಗಿನ ಗಾಳಿಯನ್ನು ನಂಬಬೇಡಿ. ಕೊಳೆತ ಎಲೆ, ಹೂಳಿನಿಂದ ಹೈಡ್ರೋಜನ್ ಸಲ್ಫೈಡ್ ಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದು ಆಮೇಲೆ ನಿಂತರೆ ಅನಿಲ ಹೋಯಿತೆಂದಲ್ಲ, ಮೂಗು ಸೋತಿದೆ ಎಂದು. ಗ್ಯಾಸ್ ಮೀಟರಿನಲ್ಲಿ ಆಮ್ಲಜನಕ 19.5 ಶೇಕಡಾಕ್ಕಿಂತ ಕಡಿಮೆ ತೋರಿಸಿದರೆ ಫ್ಯಾನು ಹಾಕದೆ ಕಾಲಿಡಬೇಡಿ. ದೀಪ ಉರಿದರೆ ಸಾಕು ಎಂಬ ಹಳೆಯ ನಂಬಿಕೆ ತಪ್ಪು. ಆಮ್ಲಜನಕ ಆ ಮಿತಿಗಿಂತ ಕೆಳಗಿಳಿದ ಮೇಲೂ ದೀಪ ಉರಿಯುತ್ತಿರುತ್ತದೆ, ವಿಷಾನಿಲದ ಸುಳಿವಂತೂ ಅದು ಕೊಡುವುದೇ ಇಲ್ಲ. ಒಳಗೆ ಯಾರಾದರೂ ಬಿದ್ದರೆ ಉಸಿರಾಟದ ಸಲಕರಣೆ ಇಲ್ಲದೆ ಹಿಂದೆಯೇ ಇಳಿಯಬೇಡಿ. ಹಾಗೆ ಇಳಿದವರೂ ಅಲ್ಲೇ ಬೀಳುತ್ತಾರೆ. ಹೊರಗಿನಿಂದ ಎಳೆಯಲು ಸೊಂಟಕ್ಕೆ ಹಗ್ಗ ಕಟ್ಟಿಯೇ ಒಳಗೆ ಕಳಿಸಿರಬೇಕು.

ಜನ ನಡೆಯುವ ಅಂಡರ್‌ಪಾಸಿಗೆ ಇಷ್ಟೆಲ್ಲ ಬೇಡ. ತಳದ ಗುಂಡಿಯ ಪಂಪನ್ನು ಮೇ ತಿಂಗಳಲ್ಲೇ ನೀರು ತುಂಬಿಸಿ ಓಡಿಸಿ ನೋಡಿ, ಫ್ಲೋಟ್ ಸ್ವಿಚ್ಚು ಮೇಲೆದ್ದಾಗ ತಾನೇ ಹತ್ತಬೇಕು. ಕರೆಂಟು ಹೋಗುವುದು ಮಳೆ ಜೋರಾದಾಗಲೇ, ಆದ್ದರಿಂದ ಡೀಸೆಲ್ ಪಂಪು ಹತ್ತಿರದಲ್ಲಿರಲಿ. ಎರಡೂ ಬಾಯಿಯಲ್ಲಿ ಗೋಡೆಗೆ ಆಳದ ಅಳತೆ ಬರೆದು, 30 ಸೆಂ.ಮೀ. ಗೆರೆಯ ಮೇಲೆ ಕೆಂಪು ಬಣ್ಣ ಬಳಿಸಿ. ಆ ಗೆರೆ ಮುಳುಗಿದ ದಿನ ಶಾಲೆಯ ಮಕ್ಕಳನ್ನು ಯಾವ ದಾರಿಯಲ್ಲಿ ಕಳಿಸುವುದು ಎಂಬುದನ್ನು ಪಂಚಾಯಿತಿಯವರು, ಶಾಲೆಯವರು ರೋಹಿಣಿ ಮಳೆಗೆ ಮುಂಚೆಯೇ ಕೂತು ಗೊತ್ತುಮಾಡಿ ಬೋರ್ಡು ಹಾಕಿಸಬೇಕು.