ಹಳೇ ಕಾಮಿಕ್ಸ್‌ಗೆ ಕೋಟಿ ಬೆಲೆ: ಲೆಕ್ಕ ಹಾಕುವುದು ಹೇಗೆ?

2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಹೆರಿಟೇಜ್ ಹರಾಜಿನಲ್ಲಿ ಒಂದು ಕಾಮಿಕ್ಸ್ ಪುಸ್ತಕ 36 ಲಕ್ಷ ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ 26 ಕೋಟಿ ರೂಪಾಯಿ. ಅದು 1962ರ ಆಗಸ್ಟ್ ತಿಂಗಳ ‘ಅಮೇಜಿಂಗ್ ಫ್ಯಾಂಟಸಿ’ 15ನೇ ಸಂಚಿಕೆ. ಮುಖಬೆಲೆ 12 ಸೆಂಟ್. ಸ್ಪೈಡರ್‌ಮ್ಯಾನ್ ಮೊದಲು ಬಂದದ್ದು ಅದರಲ್ಲೇ.

‘ಎಲ್ಲೂ ಸಿಗಲ್ಲ, ಅದಕ್ಕೇ ಅಷ್ಟು ಬೆಲೆ’ ಅನ್ನುವವರೇ ಜಾಸ್ತಿ. ಆದರೆ ಈ ಸಂಚಿಕೆ ಸಿಗುತ್ತದೆ. ಜೇಬಿನಲ್ಲಿ ದುಡ್ಡಿದ್ದರೆ ಈ ತಿಂಗಳೇ ಕೊಳ್ಳಬಹುದು, ಹರಿದದ್ದು, ಮಾಸಿದ್ದು, ಸುಮಾರಾಗಿರುವುದು, ಎಲ್ಲವೂ ಮಾರಾಟಕ್ಕೆ ಬರುತ್ತಲೇ ಇರುತ್ತವೆ. ಹಾಗಾದರೆ 26 ಕೋಟಿ ಯಾತಕ್ಕೆ? ಅಮೆರಿಕದಲ್ಲಿರುವ ನಮ್ಮವರು ಕೆಲವರು ಮಕ್ಕಳ ಜೊತೆ ಸೇರಿ ಇಂಥವನ್ನು ಕೊಳ್ಳಲು ಶುರು ಮಾಡಿದ್ದಾರೆ. ದುಡ್ಡು ಹಾಕುವ ಮುಂಚೆ ಬೆಲೆ ಬಿಡಿಸಿ ನೋಡುವ ಕ್ರಮ ಗೊತ್ತಿರಲಿ.

ಮೊದಲು ಗ್ರೇಡಿಂಗ್ ಬಗ್ಗೆ ಎರಡು ಮಾತು. ಫ್ಲೋರಿಡಾದ ಸರಸೋಟದಲ್ಲಿರುವ ಸಿಜಿಸಿ ಎಂಬ ಕಂಪನಿ 2000ದಲ್ಲಿ ಈ ಕೆಲಸ ಶುರು ಮಾಡಿತು. ಪುಸ್ತಕ ಕಳಿಸಿದರೆ ಪರೀಕ್ಷೆ ಮಾಡಿ, 0.5ರಿಂದ 10ರವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ವಾಪಸ್ ಕಳಿಸುತ್ತಾರೆ. ಆ ಡಬ್ಬಿಗೆ ಸ್ಲ್ಯಾಬ್ ಅನ್ನುತ್ತಾರೆ. ಒಳಗಿರುವುದನ್ನು ಇನ್ನು ಓದುವ ಹಾಗಿಲ್ಲ, ನೋಡಬೇಕಷ್ಟೆ.

1. ಒಳಗೆ ಏನಾಗಿದೆ ಕೇಳಿ

ಎಲ್ಲಕ್ಕಿಂತ ಮುಂಚೆ ಕೇಳಬೇಕಾದ್ದು ಇದು. ಯಾವ ಪಾತ್ರ ಮೊದಲು ಬಂತು, ಯಾರು ಸತ್ತರು, ಯಾವ ಕಲಾವಿದ ಇಲ್ಲಿಂದ ಶುರು ಮಾಡಿದ. ಇಂಥದ್ದೇನಾದರೂ ಇದ್ದರೆ ವ್ಯಾಪಾರಿಗಳು ಅದನ್ನು ‘ಕೀ’ ಅನ್ನುತ್ತಾರೆ.

‘ಇನ್‌ಕ್ರೆಡಿಬಲ್ ಹಲ್ಕ್’ನ ಎರಡು ಸಂಚಿಕೆ ತೆಗೆದುಕೊಳ್ಳಿ. 1974ರ ಅಕ್ಟೋಬರ್‌ನ 180, ನವೆಂಬರ್‌ನ 181. ಒಂದೇ ಕಂಪನಿ, ಒಂದೇ ಕಥೆಯ ಮುಂದುವರಿಕೆ, ಎರಡಕ್ಕೂ 25 ಸೆಂಟ್. 180ರ ಕೊನೇ ಪುಟದಲ್ಲಿ ವುಲ್ವರಿನ್ ಎಂಬ ಹೊಸ ಪಾತ್ರ ಹಾರಿ ಬಂದು ನಿಲ್ಲುತ್ತಾನೆ, ಅಲ್ಲಿಗೆ ಕಥೆ ನಿಲ್ಲುತ್ತದೆ. 181ರಲ್ಲಿ ಮುಖಪುಟದಲ್ಲೇ ಇದ್ದಾನೆ, ಒಳಗೆಲ್ಲ ಹೊಡೆದಾಟ. ನ್ಯಾಯವಾಗಿ ನೋಡಿದರೆ ಮೊದಲು ಬಂದದ್ದು 180ರಲ್ಲಿ. ಆದರೆ ಮಾರುಕಟ್ಟೆ ಒಪ್ಪಿಕೊಂಡದ್ದು 181ನ್ನು, ಅದೂ ಹಲವು ಪಟ್ಟು ಹೆಚ್ಚು ಬೆಲೆಗೆ. ಯಾವುದು ಮುಖ್ಯ ಅಂತ ತೀರ್ಮಾನಿಸುವವರು ಕೊಳ್ಳುವ ಜನ. ಪುಸ್ತಕದ ಒಳಗಿನ ದಾಖಲೆ ಇಟ್ಟುಕೊಂಡು ಅವರ ಜೊತೆ ವಾದ ಮಾಡಿ ಪ್ರಯೋಜನವಿಲ್ಲ.

2. ಎಷ್ಟು ಅಚ್ಚಾಯಿತು, ಎಷ್ಟು ಉಳಿಯಿತು

ಇವೆರಡೂ ಬೇರೆ ಬೇರೆ ಲೆಕ್ಕ. ಸೂಪರ್‌ಮ್ಯಾನ್ ಮೊದಲು ಬಂದ ‘ಆಕ್ಷನ್ ಕಾಮಿಕ್ಸ್’ 1ನೇ ಸಂಚಿಕೆ 1938ರದ್ದು. ಸುಮಾರು 2 ಲಕ್ಷ ಪ್ರತಿ ಅಚ್ಚಾಗಿತ್ತು. ಈಗ ನೂರರ ಆಸುಪಾಸು ಉಳಿದಿರಬಹುದು ಅನ್ನುವುದು ವ್ಯಾಪಾರಿಗಳ ಅಂದಾಜು. ಹತ್ತು ಸೆಂಟಿನ ಪುಸ್ತಕವನ್ನು ಯಾರು ಎತ್ತಿಡುತ್ತಾರೆ? ಮಕ್ಕಳು ಓದಿ ಹರಿದರು. ಎರಡನೇ ಮಹಾಯುದ್ಧದಲ್ಲಿ ಮನೆಮನೆಯಿಂದ ಹಳೇ ಕಾಗದ ಸಂಗ್ರಹಿಸಿದಾಗ ಉಳಿದದ್ದೂ ರದ್ದಿಗೆ ಹೋಯಿತು. 2024ರ ಏಪ್ರಿಲ್‌ನಲ್ಲಿ ಇದರ 8.5 ಅಂಕದ ಒಂದು ಪ್ರತಿ 60 ಲಕ್ಷ ಡಾಲರಿಗೆ ಮಾರಾಟವಾಯಿತು.

1991ರ ‘ಎಕ್ಸ್-ಮೆನ್’ 1ನೇ ಸಂಚಿಕೆಯ ಕಥೆ ಪೂರ್ತಿ ಉಲ್ಟಾ. ಐದು ಮುಖಪುಟ, 80 ಲಕ್ಷಕ್ಕೂ ಹೆಚ್ಚು ಪ್ರತಿ. ಮುಂದೆ ಬೆಲೆ ಬರುತ್ತದೆ ಅಂತ ಜನ ನಾಲ್ಕೈದು ಪ್ರತಿ ಕೊಂಡು ಕವರಿನಲ್ಲಿ ಹಾಕಿಟ್ಟರು. ಎಲ್ಲರೂ ಜೋಪಾನ ಮಾಡಿದ್ದರಿಂದಲೇ ಅದಕ್ಕೆ ಬೆಲೆ ಇಲ್ಲ. 9.8 ಅಂಕ ಬಂದರೂ ಗ್ರೇಡಿಂಗ್‌ಗೆ, ಅಂಚೆಗೆ ಕೊಟ್ಟ ದುಡ್ಡು ಕೈಗೆ ಬಂದು ಸ್ವಲ್ಪ ಮಿಕ್ಕಿದರೆ ಪುಣ್ಯ.

ಕೆಲವು ಸಲ ಅಪರೂಪ ಅನ್ನುವುದು ಒಂದು ಮೂಲೆಯಲ್ಲಿ ಅಡಗಿರುತ್ತದೆ. 1977ರಲ್ಲಿ ಮಾರ್ವೆಲ್ ಕಂಪನಿ ಬೆಲೆ ಏರಿಸಿದರೆ ಜನ ಕೊಳ್ಳುತ್ತಾರಾ ಅಂತ ಕೆಲವೇ ಊರುಗಳಲ್ಲಿ ಪರೀಕ್ಷೆ ಮಾಡಿತು. ಎಲ್ಲ ಕಡೆ ‘ಸ್ಟಾರ್ ವಾರ್ಸ್’ 1ನೇ ಸಂಚಿಕೆ 30 ಸೆಂಟ್, ಆ ಊರುಗಳಲ್ಲಿ 35. ಒಳಗೆ ಒಂದಕ್ಷರ ವ್ಯತ್ಯಾಸ ಇಲ್ಲ. ಆ ಐದು ಸೆಂಟಿಗೆ ಇವತ್ತು ಸಾವಿರಾರು ಡಾಲರ್ ಅಂತರ. ಇಲ್ಲೊಂದು ಎಚ್ಚರಿಕೆ: ಮರುಮುದ್ರಣಗಳಲ್ಲೂ 35 ಸೆಂಟ್ ಅಂತಲೇ ಇದೆ. ಅಸಲಿಯಲ್ಲಿ ಬೆಲೆ ಚೌಕದೊಳಗಿರುತ್ತದೆ, ಕೆಳಗಡೆ ಬಾರ್‌ಕೋಡ್ ಗೆರೆಗಳೂ ಇರುತ್ತವೆ. ಎರಡರಲ್ಲಿ ಒಂದು ಇಲ್ಲದಿದ್ದರೂ ಕೈ ಬಿಡಿ.

ಹಾಗಂತ ಬರೀ ಅಪರೂಪ ಆದರೆ ಸಾಲದು. ಅಮರ ಚಿತ್ರಕಥೆಯ ಮೊದಲ ಹತ್ತು ಸಂಚಿಕೆಗಳು ಕನ್ನಡದಲ್ಲಿ ಬಂದ ಪಾಶ್ಚಾತ್ಯ ಕಥೆಗಳು, ‘ಕೃಷ್ಣ’ ಬಂದದ್ದು 11ನೇ ನಂಬರಿನಲ್ಲಿ. ಆ ಕನ್ನಡ ಪ್ರತಿಗಳನ್ನು ಹುಡುಕಿ ನೋಡಿ, ಸಿಗುವುದು ಕಷ್ಟ. ಚರಿತ್ರೆಯಲ್ಲಿ ಮಹತ್ವವೂ ಇದೆ. ಆದರೂ ಹರಾಜಿನಲ್ಲಿ ಕೈ ಎತ್ತುವ ಹತ್ತು ಜನ ಇಲ್ಲದಿದ್ದರೆ ಕೋಟಿ ಎಲ್ಲಿಂದ ಬರಬೇಕು? ನನ್ನನ್ನು ಕೇಳಿದರೆ ಅವು ಬೆಲೆ ಇಲ್ಲದೆಯೂ ಇಟ್ಟುಕೊಳ್ಳಬೇಕಾದ ಪುಸ್ತಕಗಳು, ಅದು ಬೇರೆ ಮಾತು.

3. ಆ ಅಂಕದಲ್ಲಿ ಎಷ್ಟಿವೆ ನೋಡಿ

ಸಿಜಿಸಿ ಜಾಲತಾಣದಲ್ಲಿ ‘ಸೆನ್ಸಸ್’ ಅಂತ ಪಟ್ಟಿ ಇದೆ. ಯಾವ ಸಂಚಿಕೆಗೆ ಯಾವ ಅಂಕದಲ್ಲಿ ಎಷ್ಟು ಪ್ರತಿ ಬಂದಿದೆ ಅಂತ ಪುಕ್ಕಟೆ ನೋಡಬಹುದು. ಸ್ಪೈಡರ್‌ಮ್ಯಾನ್ ಗುಟ್ಟು ಇಲ್ಲೇ ಬಯಲಾಗುವುದು. ಗ್ರೇಡ್ ಆದ ಪ್ರತಿಗಳು ಸಾವಿರಕ್ಕೂ ಹೆಚ್ಚು. ಆದರೆ 36 ಲಕ್ಷಕ್ಕೆ ಹೋದ ಪ್ರತಿಗೆ ಇದ್ದದ್ದು 9.6. ಆ ಮಟ್ಟದಲ್ಲಿ ಆಗ ಇದ್ದದ್ದು ನಾಲ್ಕೇ ಪ್ರತಿ, ಅದಕ್ಕಿಂತ ಮೇಲೆ ಒಂದೂ ಇರಲಿಲ್ಲ. ಪುಸ್ತಕ ಅಪರೂಪವಲ್ಲ, ಅಷ್ಟು ಚೆನ್ನಾಗಿ ಉಳಿದ ಪುಸ್ತಕ ಅಪರೂಪ.

ಪಟ್ಟಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ಇನ್ನೂ ಗ್ರೇಡಿಂಗ್‌ಗೆ ಹೋಗದ ಪ್ರತಿಗಳು ಅದರಲ್ಲಿಲ್ಲ. ಜಾಸ್ತಿ ಅಂಕದ ಆಸೆಗೆ ಡಬ್ಬಿ ಒಡೆದು, ಪುಸ್ತಕವನ್ನು ಪ್ರೆಸ್ ಮಾಡಿಸಿ ಮಡಿಕೆ ತೆಗೆದು, ಮತ್ತೆ ಕಳಿಸುವವರಿದ್ದಾರೆ. ಡಬ್ಬಿಯಲ್ಲಿದ್ದ ಹಳೇ ಅಂಕದ ಲೇಬಲ್ ಸಿಜಿಸಿಗೆ ವಾಪಸ್ ಕೊಡದಿದ್ದರೆ ಒಂದೇ ಪುಸ್ತಕ ಎರಡು ಸಲ ಎಣಿಕೆಯಾಗಿರುತ್ತದೆ. ಹೊಸ ಸಂಚಿಕೆಗಳಲ್ಲಂತೂ ಇವತ್ತು 9.8 ಅಂಕದ ಪ್ರತಿ ಹತ್ತೇ ಇದ್ದರೂ ಮುಂದಿನ ವರ್ಷ ನೂರಾಗಬಹುದು.

4. ಲೇಬಲ್ ಬಣ್ಣ

ನೀಲಿ ಅಂದರೆ ಮಾಮೂಲು. ನೇರಳೆ ಅಂದರೆ ಬಣ್ಣ ಹಚ್ಚಿ, ತೇಪೆ ಹಾಕಿ ರಿಪೇರಿ ಮಾಡಿದ್ದು, ಬೆಲೆ ದಢಾರನೆ ಬೀಳುತ್ತದೆ. ಹಳದಿ, ಸಿಜಿಸಿಯವರ ಎದುರೇ ಸಹಿ ಹಾಕಿಸಿದ್ದು. ಹಸಿರು ಕಂಡರೆ ನಿಧಾನಿಸಿ: ಅಂಕ ದೊಡ್ಡದಿರುತ್ತದೆ, ಜೊತೆಗೊಂದು ‘ಆದರೆ’ ಇರುತ್ತದೆ.

ಹಲ್ಕ್ 181ರಲ್ಲಿ ಆ ‘ಆದರೆ’ ಒಂದು ಪುಟಾಣಿ ಚೌಕ. ಆಗ ಮಾರ್ವೆಲ್‌ನವರು ಓದುಗರ ಪತ್ರಗಳ ಪುಟದಲ್ಲಿ ‘ವ್ಯಾಲ್ಯೂ ಸ್ಟಾಂಪ್’ ಅಂತ ಕತ್ತರಿಸಿ ಅಂಟಿಸುವ ಚಿತ್ರ ಅಚ್ಚು ಹಾಕುತ್ತಿದ್ದರು. ಹೇಳಿದಂತೆ ಕೇಳುವ ಮಕ್ಕಳು ಕತ್ತರಿಸಿದರು. ಹೊರಗಿನಿಂದ ನೋಡಿದರೆ ಪುಸ್ತಕ ಹೊಸದರ ಹಾಗಿರುತ್ತದೆ, ಒಳಗೆ ಒಂದು ಪುಟದಲ್ಲಿ ಕಿಟಕಿ. ಡಬ್ಬಿಯಲ್ಲಿ ಸೀಲ್ ಆದಮೇಲೆ ಅದು ಕಾಣುವುದಿಲ್ಲ, ಲೇಬಲ್ ಓದಿದವರಿಗೆ ಮಾತ್ರ ಗೊತ್ತಾಗುತ್ತದೆ. ಡಬ್ಬಿ ಇಲ್ಲದ 181 ಕೊಳ್ಳುವುದಾದರೆ ಮಾರುವವರು ಆ ಪುಟದ ಫೋಟೊ ಕಳಿಸುವ ತನಕ ಮಾತೇ ಮುಂದುವರಿಸಬೇಡಿ.

5. ಕೇಳುವ ಬೆಲೆ ಬಿಡಿ, ಮಾರಾಟವಾದ ಬೆಲೆ ಹಿಡಿಯಿರಿ

ಇಬೇಯಲ್ಲಿ ಯಾರು ಎಷ್ಟು ಬೇಕಾದರೂ ಕೇಳಬಹುದು, ದುಡ್ಡು ಕೈ ಬದಲಾದ ಬೆಲೆಗೆ ಮಾತ್ರ ಅರ್ಥ. ಅದೇ ಸಂಚಿಕೆ, ಅದೇ ಅಂಕ, ಅದೇ ಬಣ್ಣದ ಲೇಬಲ್, ಈಚಿನ ನಾಲ್ಕಾರು ತಿಂಗಳ ಮಾರಾಟ ನೋಡಿ. 2021ರ ಬೆಲೆ ತೋರಿಸಿ ಮಾರಲು ಬಂದರೆ ನಕ್ಕು ಸುಮ್ಮನಾಗಿ. ಕೊರೊನಾ ಕಾಲದಲ್ಲಿ ಏರಿದ್ದು ಆಮೇಲೆ ಬಹಳಷ್ಟು ಇಳಿದಿದೆ. ಸಿನಿಮಾ ಘೋಷಣೆಯಾದ ವಾರವೂ ಅಷ್ಟೇ, ಬೆಲೆ ಜಿಗಿಯುತ್ತದೆ, ಸಿನಿಮಾ ಬರುವ ಹೊತ್ತಿಗೆ ಎಷ್ಟೋ ಸಲ ಇಳಿದಿರುತ್ತದೆ.

ದುಡ್ಡು ಕಳಿಸುವ ಮುಂಚೆ ಇನ್ನೊಂದು ಕೆಲಸ. ಲೇಬಲ್ ಮೇಲಿನ ಸರ್ಟಿಫಿಕೇಟ್ ನಂಬರನ್ನು ಸಿಜಿಸಿ ಜಾಲತಾಣದಲ್ಲಿ ಹಾಕಿ. ಡಬ್ಬಿ ಬಿಚ್ಚಿ ಕಡಿಮೆ ಗುಣಮಟ್ಟದ ಪುಸ್ತಕ ಒಳಗಿಟ್ಟು ಮಾರಿದ ಪ್ರಕರಣಗಳು ಈಚೆಗೆ ಬೆಳಕಿಗೆ ಬಂದಿವೆ. ಅಲ್ಲಿ ಫೋಟೊ ಇದ್ದರೆ ಸ್ಟೇಪಲ್ ಪಕ್ಕದ ಗೀರು, ಮೂಲೆಯ ಸವೆತ, ಅಚ್ಚಿನ ಓರೆ ಇವನ್ನು ಮಾರುವವರ ಫೋಟೊ ಪಕ್ಕ ಇಟ್ಟು ಹೋಲಿಸಿ. ಡಬ್ಬಿಯ ಅಂಚಿನಲ್ಲಿ ಬಿಳಿಚಿಕೊಂಡ ಬಿರುಕು ಕಂಡರೆ ಅಂಕ ಎಷ್ಟೇ ಇರಲಿ, ಬೇರೆ ಪ್ರತಿ ನೋಡಿ.