ನಿದ್ದೆ ಬರುತ್ತಿಲ್ಲ ಎಂದಷ್ಟೇ ಹೇಳಿದರೆ ಸಾಲದು

ನನಗೆ ಸ್ಕಿಜೋಫ್ರೀನಿಯಾ ಇದೆ. ಮಾತ್ರೆಯಿಂದಾಗಿ, ನನಗಷ್ಟೇ ಕೇಳಿಸುವ ದನಿಗಳು ಹಗಲಿನಲ್ಲಿ ಬಹುಮಟ್ಟಿಗೆ ಸುಮ್ಮನಿರುತ್ತವೆ. ತಾಪತ್ರಯವೆಲ್ಲ ರಾತ್ರಿಯದು. ವೈದ್ಯರ ಮುಂದೆ ಕುಳಿತಾಗಲೆಲ್ಲ ‘ನಿದ್ದೆ ಬರುತ್ತಿಲ್ಲ’ ಎನ್ನುತ್ತಿದ್ದೆ, ಅವರು ತಲೆಯಾಡಿಸಿ ಬರೆದುಕೊಳ್ಳುತ್ತಿದ್ದರು. ಏಕೆ ಬರುತ್ತಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿರಲಿಲ್ಲ.

ಹಳೆಯ ಡೈರಿಯೊಂದರಲ್ಲಿ ಬರೆದಿಡತೊಡಗಿದೆ: ಎಷ್ಟು ಹೊತ್ತಿಗೆ ಮಲಗಿದೆ, ಎದ್ದದ್ದು ಯಾವಾಗ, ಮಾತ್ರೆ ನುಂಗಿದ್ದು ಯಾವಾಗ, ಎಚ್ಚರವಿದ್ದಾಗ ಏನಾಗುತ್ತಿತ್ತು. ಉಪಯೋಗಕ್ಕೆ ಬಂದದ್ದು ಈ ಕೊನೆಯದು. ಕೆಲವು ರಾತ್ರಿ ಮನೆ ನಿಶ್ಶಬ್ದವಾದಷ್ಟೂ ದನಿಗಳು ಜೋರಾಗುತ್ತಿದ್ದವು. ಇನ್ನು ಕೆಲವು ರಾತ್ರಿ ದನಿಯ ಸುಳಿವೇ ಇಲ್ಲ, ಕಾಲುಗಳು ಮಾತ್ರ ಒಂದೆಡೆ ನಿಲ್ಲುತ್ತಿರಲಿಲ್ಲ. ಎದ್ದು ಓಡಾಡಬೇಕು, ಕುಳಿತರೆ ಮತ್ತೆ ಏಳಬೇಕು. ಅಮ್ಮ ಕಾಯಿಲೆ ಹೆಚ್ಚಿತೆಂದೇ ಹೆದರಿದ್ದಳು. ಡೈರಿ ನೋಡಿದ ವೈದ್ಯರು ಇದು ಅಕಥೀಸಿಯಾ ಎಂಬ ಚಡಪಡಿಕೆ, ದನಿಗಳಿಗೆಂದು ನುಂಗುವ ರಿಸ್ಪೆರಿಡಾನ್ ಮಾತ್ರೆಯ ಅಡ್ಡಪರಿಣಾಮ ಎಂದರು. ಅದರ ಪ್ರಮಾಣ ತಗ್ಗಿಸಿ, ಚಡಪಡಿಕೆಗೆಂದು ಪ್ರೊಪ್ರನೊಲಾಲ್ ಮಾತ್ರೆ ಸೇರಿಸಿದರು. ಓಡಾಟ ನಿಂತಿತು. ಬರೀ ನಿದ್ದೆ ಮಾತ್ರೆಗೆ ಆ ಕಾಲುಗಳು ಬಗ್ಗುತ್ತಿದ್ದವೆಂದು ನನಗನ್ನಿಸುವುದಿಲ್ಲ.

ದನಿಗಳ ರಾತ್ರಿಗೆ ಬೇರೆಯೇ ಉಪಾಯ. ಹಾಸಿಗೆಯಲ್ಲಿ ಹೊರಳಾಡಿದರೆ ಅವುಗಳಿಗೆ ಕಿವಿ ಕೊಟ್ಟಂತೆಯೇ. ಎದ್ದು ನಡುಮನೆಗೆ ಬಂದು, ರೇಡಿಯೊ ಸಣ್ಣಗೆ ಹಾಕಿ, ಕೈಗೆ ಕೆಲಸ ಕೊಡುತ್ತೇನೆ. ಅವರೆಯ ಕಾಲದಲ್ಲಿ ನೆನೆಹಾಕಿದ ಕಾಳು ಹಿದುಕುತ್ತೇನೆ. ಬೆಳಗಿನ ಸಾರಿಗೂ ಆಯಿತು. ಕಣ್ಣು ಎಳೆದಾಗಷ್ಟೇ ಮತ್ತೆ ಹಾಸಿಗೆ. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಅದೇ ಹೊತ್ತಿಗೆ ಎದ್ದು ಮಹಡಿಯ ಬಿಸಿಲಿನಲ್ಲಿ ನಿಲ್ಲುತ್ತೇನೆ. ಸಂಜೆಯ ಕಾಫಿ ಬಿಟ್ಟದ್ದು ಎಲ್ಲಕ್ಕಿಂತ ಕಷ್ಟವಾಯಿತು, ಅದರ ಮಾತು ಬೇಡ.

ಬೆಳಗಿನ ಮಂಪರಿಗೆ, ವೈದ್ಯರನ್ನು ಕೇಳಿ, ರಾತ್ರಿಯ ಮಾತ್ರೆಯನ್ನು ಊಟದ ಹೊತ್ತಿಗೆ ತಂದುಕೊಂಡೆ. ಆದರೆ ಹಗಲು ನಿದ್ದೆಗೆಲ್ಲ ಮಾತ್ರೆಯೇ ಕಾರಣವಲ್ಲ. ಇಂಥದೇ ಕಾಯಿಲೆಗೆ ಕೊಡುವ ಓಲಾಂಜಪಿನ್ ಮಾತ್ರೆ ತೆಗೆದುಕೊಂಡು ತೂಕ ಹೆಚ್ಚಿದ್ದ ನನ್ನ ಗೆಳೆಯನೊಬ್ಬ ಮನೆ ನಡುಗುವಂತೆ ಗೊರಕೆ ಹೊಡೆಯುತ್ತಿದ್ದ. ಪರೀಕ್ಷೆ ಮಾಡಿಸಿದಾಗ ಸ್ಲೀಪ್ ಆಪ್ನಿಯಾ ಎಂದು ತಿಳಿಯಿತು. ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವವನು ಹಗಲು ತೂಕಡಿಸದೆ ಏನು ಮಾಡಿಯಾನು?

ಅಮ್ಮನಿಗೂ ನನಗೂ ಒಂದು ಒಪ್ಪಂದವಿದೆ. ಮೇಲಿಂದ ಮೇಲೆ ನಿದ್ದೆ ಕೆಟ್ಟು, ಅಕ್ಕಪಕ್ಕದವರ ಮೇಲೆ ನನಗೆ ಅನುಮಾನ ಶುರುವಾದರೆ, ನಾನು ಬೇಡವೆಂದರೂ ಅವಳು ವೈದ್ಯರಿಗೆ ಫೋನ್ ಮಾಡಬೇಕು. ನನಗೆ ಕಾಯಿಲೆ ಮರುಕಳಿಸುವ ಮೊದಲು ಹದಗೆಡುವುದು ನಿದ್ದೆಯೇ. ನಡುರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ಕನ್ನಡದಲ್ಲಿಯೇ ಮಾತನಾಡಬಹುದು.